ಕುಂಬಾರ ಹುಳದ ಪುಟ

ಫೆಬ್ರುವರಿ 3

ಪ್ರೀತಿಯ ಅಕ್ಕಾ,

ನಿಮ್ಮ ತಂಗಿಯ ಮಗಳು ಇವತ್ತು ನನ್ನನ್ನು ತನ್ನ ಪಾಠಕ್ಕೆ ಸೇರಿಸಿಕೊಂಡಳು! ಮದುವೆಯಾಗಿ ಈ ಮನೆಗೆ ಬಂದು ಇಪ್ಪತ್ತೆರಡು ದಿನ. ಅಷ್ಟೂ ದಿನ ಅವಳು ನೋಟ್‌ಬುಕ್ ಎದೆಗೊತ್ತಿಕೊಂಡು ಹಿತ್ತಲಿಗೆ ಹೋಗುವುದು, ನಾನು ಅಡುಗೆಮನೆ ಕಿಟಕಿಯಿಂದ ಕಳ್ಳಿಯ ಹಾಗೆ ನೋಡುವುದು. ಇವತ್ತು ಬೆಳಿಗ್ಗೆ ತಾನಾಗಿ ಬಂದು, "ಚಿಕ್ಕಮ್ಮ, ಕೆಲ್ಸ ಇಲ್ದಿದ್ರೆ ಬನ್ನಿ. ಪೆನ್ಸಿಲ್ ನಿಮ್ದೇ ತಗೊಂಬನ್ನಿ" ಅಂದಳು. ಕೆಲಸ ಇಲ್ಲದೆ ಇರುತ್ತದೆಯೇ! ಒಲೆಯ ಮೇಲೆ ಹಾಲಿತ್ತು. ಉಕ್ಕಿ ಹೋಯಿತು. ಹೋದರೆ ಹೋಗಲಿ.

ಮೊದಲು ಹಿಂಬಾಗಿಲ ಮೆಟ್ಟಿಲ ಮೇಲೆ ಇಬ್ಬರೂ ಕೂತು ಪ್ರಾರ್ಥನೆ. ಕಣ್ಣು ಮುಚ್ಚಿದೆ. "ಮುಚ್ಬೇಡಿ. ನಮ್ಮ ಪ್ರಾರ್ಥನೇಲಿ ಕಣ್ಣು ಬಿಟ್ಕೊಂಡಿರ್ಬೇಕು. ದೇವ್ರು ಮಾಡಿದ್ದನ್ನ ನೋಡೋದೇ ಪಾಠ, ಅಮ್ಮ ಹೇಳಿದ್ದು" ಎಂದು ಗದರಿದಳು. ಒಂಬತ್ತು ವರ್ಷದ ಮೇಷ್ಟ್ರು! ಆಮೇಲೆ ನಲ್ಲಿಯ ಪಕ್ಕದ ಪಾಚಿ ನೋಡಿ ಬರೆಯಬೇಕಿತ್ತು. ನಾನು "ಸುಂದರವಾದ ಹಸಿರು ಪಾಚಿ" ಎಂದು ಬರೆದೆ. ಅವಳು "ಸುಂದರ" ಎಂಬುದರ ಮೇಲೆ ಗೀಟು ಎಳೆದಳು. "ಇದು ನಿಮಗೆ ಅನ್ಸಿದ್ದು. ಪಾಚಿ ಏನು ಹಾಗಂತ ಹೇಳಿತ್ತಾ?" ಅಕ್ಕಾ, ನಾನು ಇಂಗ್ಲಿಷ್ ಮೀಡಿಯಂನಲ್ಲಿ ಹನ್ನೆರಡು ವರ್ಷ ಸೈನ್ಸ್ ಓದಿದವಳು. ಪಾಚಿಯ ಚಿತ್ರಕ್ಕೆ ಬಣ್ಣ ತುಂಬಿ ಗುಡ್ ತೆಗೆದುಕೊಂಡಿದ್ದೆ. ಪಾಚಿಯ ಮುಂದೆ ಕೂತದ್ದು ಇವತ್ತೇ ಮೊದಲು.

ನೋಟ್‌ಬುಕ್ಕಿನ ನಿಯಮವನ್ನೂ ಹೇಳಿಕೊಟ್ಟಳು. ನಿಮಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ, ಬರೆಯುವಾಗ ಖುಷಿಯಾಗುತ್ತದೆ. ಮೇಲೆ ತಾರೀಕು ಮತ್ತು ಹವೆ. ಬಿಸಿಲೋ, ಮೋಡವೋ, ಮಳೆಯೋ. ಅದರ ಕೆಳಗೆ ಕಣ್ಣಾರೆ ಕಂಡದ್ದು. ಕೊನೆಯ ಸಾಲು ದೇವರಿಗೆ ಒಂದು ಪ್ರಶ್ನೆ. ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಪ್ರಾರ್ಥನೆಯಲ್ಲಿ ಹೇಳುವುದು, ಎರಡನ್ನೂ ಬೆರೆಸಬಾರದು. ಹಾಗೆ ಹೇಳುವಾಗ ಅವಳ ಮುಖ ಎಷ್ಟು ಗಂಭೀರವಾಗಿತ್ತೆಂದರೆ ನಾನು ನಗು ನುಂಗಿಕೊಂಡು ತಲೆಯಾಡಿಸಿದೆ.

ಅವಳ ಕೋಣೆಯ ಕಿಟಕಿಯ ಚೌಕಟ್ಟಿಗೆ ಹೊರಗಿನಿಂದ ಒಂದು ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ. ಹೆಬ್ಬೆರಳಿನಷ್ಟು ದಪ್ಪ. ಬಾಯಿ ಮುಚ್ಚಿ ಇವತ್ತಿಗೆ ಒಂಬತ್ತು ದಿನ. ದಿನಾ ಹೋಗಿ ಕಿವಿಗೊಟ್ಟು ಬರುತ್ತಾಳೆ. "ಒಳಗೆ ಯಾರೋ ಇದಾರೆ" ಎನ್ನುತ್ತಾಳೆ, "ಏನೋ" ಅನ್ನುವುದಿಲ್ಲ.

ಇವರು ಕೆಳಗೆ ಅಂಗಡಿಯಲ್ಲಿ ಹೊಲಿಗೆ ಯಂತ್ರ ಬಿಚ್ಚಿಟ್ಟುಕೊಂಡು ಕೂತವರು ತಲೆಯೆತ್ತಿ, "ನಮ್ಮನೇಲಿ ಈಗ ವಿದ್ಯಾರ್ಥಿನೀರು ಇಬ್ರು, ದುಡಿಯೋನು ಒಬ್ನೇ" ಅಂದರು. ಆದರೆ ಮುಖವೆಲ್ಲ ನಗು. ಅಕ್ಕಾ, ಆ ನಗು ನೋಡುವುದಕ್ಕೆ ದಿನಾ ಹಾಲು ಉಕ್ಕಿಸಿಯೇನು.

ನೀವು ಮದುವೆಯ ಮಾರನೆಯ ದಿನವೇ ಹೊರಟುಬಿಟ್ಟಿರಿ. ತಾಯಿ ಹೋದ ಮೇಲೆ ಎರಡು ವರ್ಷ ಅವಳನ್ನು ಸಾಕಿ, ಶಾಲೆಗೆ ಕಳಿಸದೆ ಇದೇ ಪಾಠ ಮುಂದುವರಿಸಿದವರು ನೀವು. ಒಂದು ವಾರ ಇದ್ದು ನನಗೂ ಕಲಿಸಬಹುದಿತ್ತು. ಫೋನೂ ಬೇಡ, ಪತ್ರ ಬರೆ ಅಂದಿರಿ. ಸರಿ, ನಾನು ಬರೆಯುವುದಕ್ಕೆ ಕೂತರೆ ನೀವೇ ಸಾಕು ಎನ್ನಬೇಕು, ಹಾಗೆ ಬರೆಯುತ್ತೇನೆ!

ನಿಮ್ಮ
ಎರಡನೇ ವಿದ್ಯಾರ್ಥಿನಿ


ಫೆಬ್ರುವರಿ 9

ತಂಗಿಗೆ ಆಶೀರ್ವಾದ.

ನಿಮ್ಮ ಪತ್ರ ತಲುಪಿತು. ಅವಳು ಕರೆದಳೆಂದು ಓದಿ ಸಮಾಧಾನವಾಯಿತು.

ಕೆಲವು ಮಾತು. ಅವಳನ್ನು ಬಹಳ ಹೊಗಳಬೇಡಿ, ಹೊಗಳಿದರೆ ಬರವಣಿಗೆ ಉದ್ದವಾಗುತ್ತದೆ, ನೋಟ ಕಡಿಮೆಯಾಗುತ್ತದೆ. ದೇವರಿಗೆ ಕೇಳಿದ ಪ್ರಶ್ನೆಗೆ ನೀವು ಉತ್ತರ ಹೇಳಬೇಡಿ, ಗೊತ್ತಿದ್ದರೂ ಹೇಳಬೇಡಿ. ಅದು ಅವಳ ಮತ್ತು ಅವನ ನಡುವಿನದು. ಆ ಕಿಟಕಿ ಬಿಗಿ, ಒಮ್ಮೆಲೆ ತೆರೆದುಕೊಳ್ಳುತ್ತದೆ. ಗೂಡು ಒಡೆಯುವವರೆಗೆ ಅದರ ಬಾಗಿಲಿಗೆ ಒಳಗಿನಿಂದ ದಾರ ಕಟ್ಟಿಡಿ.

ಇಲ್ಲಿ ಬೀಜದಂಗಡಿಯಲ್ಲಿ ನನ್ನ ಕೆಲಸ ಬೀಜ ಆರಿಸಿ ಪೊಟ್ಟಣಕ್ಕೆ ತುಂಬಿ ಮೇಲೆ ಹೆಸರು ಬರೆಯುವುದು. ಕಿಟಕಿಯ ಪಕ್ಕ ಕೂರಿಸಿದ್ದಾರೆ. ತೊಂದರೆ ಏನಿಲ್ಲ.

ಅವಳು ಈಗಲೂ ಮಲಗುವಾಗ ಒಂದು ಕಾಲನ್ನು ಹೊದಿಕೆಯಿಂದ ಹೊರಗೆ ಇಟ್ಟುಕೊಳ್ಳುತ್ತಾಳೆಯೇ? ಬೇಡ, ಇದಕ್ಕೆ ಉತ್ತರ ಬರೆಯಬೇಡಿ.

ಅಕ್ಕ


ಫೆಬ್ರುವರಿ 15

ಪ್ರೀತಿಯ ಅಕ್ಕಾ,

ಗೂಡು ಒಡೆಯಿತು! ಕುಂಬಾರ ಹುಳ ಹಾರಿ ಹೋಯಿತು! ಮೊದಲು ಒಳ್ಳೆಯದನ್ನು ಹೇಳಿಬಿಟ್ಟೆ, ಈಗ ಇನ್ನೊಂದು. ನಮ್ಮ ಮೇಷ್ಟ್ರಿಗೆ ಹನ್ನೊಂದರಿಂದ ಮೂರು ದಿನ ಜ್ವರ. ಹೆದರಬೇಡಿ, ಈಗ ಇಳಿದಿದೆ, ಗಂಜಿ ಬೇಡ ಎಂದು ಜಗಳ ಆಡುವಷ್ಟು ಗಟ್ಟಿಯಾಗಿದ್ದಾಳೆ. ಡಾಕ್ಟರು ಬಂದು ನೋಡಿದರು, ನಾಲಿಗೆ ಚಾಚು ಎಂದರೆ "ನಿಮ್ಮ ನಾಲಿಗೇನೂ ತೋರ್ಸಿ, ಹೋಲಿಸಿ ನೋಡ್ಬೇಕು" ಅಂದಳಂತೆ.

ಹಾಸಿಗೆಯಲ್ಲಿ ಮಲಗಿದ್ದರೂ ಗೂಡಿನದೇ ಚಿಂತೆ. "ಚಿಕ್ಕಮ್ಮ, ನನ್ನ ಬದ್ಲು ನೀವು ನೋಡ್ಬನ್ನಿ. ನೀವು ಕಂಡಿದ್ದನ್ನ ಹೇಳಿ, ನಾನು ಬರೀತೀನಿ" ಅಂದಳು. ಎಷ್ಟು ದೊಡ್ಡ ಮರ್ಯಾದೆ ನೋಡಿ ನನಗೆ! ಹನ್ನೆರಡನೆಯ ತಾರೀಕು ಬೆಳಿಗ್ಗೆ ಎಂಟೂಕಾಲಿಗೆ ಮಣ್ಣಿನ ಗೋಡೆಯಲ್ಲಿ ಸಾಸಿವೆಯಷ್ಟು ತೂತು. ಮೊದಲು ಎರಡು ಮೀಸೆ, ಆಮೇಲೆ ತಲೆ. ಸೊಂಟ ದಾರದಷ್ಟು ಸಣ್ಣ. ರೆಕ್ಕೆ ಎರಡು ಸಲ ಒದರಿಕೊಂಡು, ಬಿಸಿಲಿನಲ್ಲಿ ತಾಮ್ರದ ಹಾಗೆ ಹೊಳೆದು, ಪೇರಲ ಮರದ ಕಡೆಗೆ ಹೋಯಿತು. ನಾನು ಹೇಳುತ್ತಾ ಹೋದೆ, ಅವಳು ದಿಂಬಿಗೆ ಒರಗಿ ಒಂದು ಪುಟ ತುಂಬ ಬರೆದಳು. ಕೊನೆಯಲ್ಲಿ ದೇವರಿಗೆ ಅವಳ ಪ್ರಶ್ನೆ ಕೇಳಿ: "ಕತ್ತಲೆಯಲ್ಲಿ ಕೂತಿದ್ದ ಅದಕ್ಕೆ ಹೊರಗೆ ಬರುವ ದಾರಿ ಯಾವ ಕಡೆ ಎಂದು ಯಾರು ಹೇಳಿದರು?"

ಓದಿ ನನ್ನ ಕಣ್ಣು ತುಂಬಿ ಬಂತು.

ಮನೆಯೆಲ್ಲ ಗುಡಿಸಿ ಒರೆಸಿ ಲಕಲಕ ಮಾಡಿದ್ದೇನೆ. ಇವರು, "ನಡೀಬೇಕಾದ್ರೆ ಜಾರ್ತೀನಿ ಕಣೇ, ಸ್ವಲ್ಪ ಕೊಳೆ ಉಳ್ಸು" ಎಂದು ರೇಗಿಸುತ್ತಾರೆ. ಹೊದಿಕೆಯ ಪ್ರಶ್ನೆಗೆ ಉತ್ತರ ಬೇಡ ಅಂದಿದ್ದೀರಿ, ಅದಕ್ಕೇ ಬರೆಯುತ್ತೇನೆ: ಹೌದು, ಎಡಗಾಲು.

ನಿಮ್ಮ ತಂಗಿ


ಫೆಬ್ರುವರಿ 20

ಪ್ರೀತಿಯ ತಂಗಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪಕ್ಕದಲ್ಲಿ ಕೂತು ಕೆಲಸ ಮಾಡುವಾಕೆಗೂ ಓದಿ ಹೇಳಿದೆ. ಆಕೆ, "ನಿಮ್ಮ ಮಗಳಾ?" ಎಂದು ಕೇಳಿದಳು. ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ನಿಮ್ಮ ಕಣ್ಣು ಒಳ್ಳೆಯದು. ಎರಡು ಮೀಸೆ ಮೊದಲು ಬಂತು ಎಂದು ಬರೆದಿರಲ್ಲ, ಅದನ್ನು ಆತುರದವರು ಕಾಣುವುದಿಲ್ಲ. ನಿಮ್ಮ ಮೇಲೆ ನನಗೆ ಒಂದು ಅನುಮಾನವಿತ್ತು, ಈಗ ಹೇಳಿಬಿಡುತ್ತೇನೆ. ಈ ಹುಡುಗಿಗೆ ಎಲ್ಲವೂ ಸಂಭ್ರಮ, ಅವಳ ಸಂಭ್ರಮದಲ್ಲಿ ಮಗುವಿನ ಪಾಠ ತೇಲಿ ಹೋಗುತ್ತದೆ ಎಂದುಕೊಂಡಿದ್ದೆ. ಕ್ಷಮಿಸಿ. ಜ್ವರದಲ್ಲಿ ಮಲಗಿದ ಮಗು ತನ್ನ ಕಣ್ಣನ್ನೇ ನಿಮ್ಮ ಕೈಗೆ ಕೊಟ್ಟಿದ್ದಾಳೆ. ಎರಡು ವರ್ಷದಲ್ಲಿ ನನಗೆ ಅವಳು ಹಾಗೆ ಕೊಟ್ಟಿರಲಿಲ್ಲ.

ಅಷ್ಟು ಬೇಗ ಗೂಡು ಒಡೆದದ್ದನ್ನು ನಾನು ಕಂಡಿಲ್ಲ. ಇನ್ನೂ ಒಂದು ವಾರವಾದರೂ ಬೇಕು ಎಂದುಕೊಂಡಿದ್ದೆ. ಆದರೆ ನಾನು ಕಂಡಿರುವುದಾದರೂ ಎಷ್ಟು? ಖಾಲಿ ಗೂಡನ್ನು ಜೋಪಾನವಾಗಿ ಬಿಡಿಸಿ ಅವಳಿಗೆ ಕೊಡಿ. ಒಳಗಿನ ಗೋಡೆ ಹೇಗಿರುತ್ತದೆ ಎಂದು ಬರೆಯಲಿ.

ಇಲ್ಲಿ ಬಿಸಿಲು ಏರುತ್ತಿದೆ. ಆರೋಗ್ಯ.

ಅಕ್ಕ


ಮಾರ್ಚ್ 1

ಅಕ್ಕ,

ನಿಮ್ಮ ಪತ್ರ ಬಂದು ಐದು ದಿನವಾಯಿತು. ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದು ಹೋಗಿದ್ದೇನೆ.

ಹುಳ ಹಾರಲಿಲ್ಲ. ನಾನು ಏನನ್ನೂ ನೋಡಲಿಲ್ಲ.

ಹನ್ನೊಂದರ ಬೆಳಿಗ್ಗೆ ಅವಳ ಮೈ ಕಾದ ಇಸ್ತ್ರಿಪೆಟ್ಟಿಗೆಯ ಹಾಗಿತ್ತು. ಕೋಣೆಯಲ್ಲಿ ಗಾಳಿಯಿಲ್ಲ. ಡಾಕ್ಟರು ಬರುವುದರೊಳಗೆ ಎಲ್ಲ ಸರಿ ಮಾಡಬೇಕೆಂದು ಓಡಾಡುತ್ತಿದ್ದೆ. ಅವಳು ನಡುಮನೆಯಲ್ಲಿ ಅಪ್ಪನ ತೊಡೆಯ ಮೇಲೆ ಮಲಗಿದ್ದಳು. ನಾನು ಕಿಟಕಿಯನ್ನು ತಳ್ಳಿದೆ, ಬರಲಿಲ್ಲ, ಭುಜ ಕೊಟ್ಟು ತಳ್ಳಿದೆ. ಒಮ್ಮೆಲೆ ತೆರೆದುಕೊಂಡಿತು. ಗೂಡು ಚೌಕಟ್ಟಿಗೂ ಬಾಗಿಲಿಗೂ ನಡುವೆ ಸಿಕ್ಕಿ ನುಚ್ಚುನೂರಾಯಿತು. ಒಳಗೆ ಏಳು ಹಸಿರು ಹುಳು ಇದ್ದವು. ಸತ್ತಿರಲಿಲ್ಲ, ಬದುಕಿಯೂ ಇರಲಿಲ್ಲ. ಅವುಗಳ ನಡುವೆ ಅನ್ನದ ಅಗುಳಿನ ಬಣ್ಣದ ಒಂದು ಮರಿ. ನಾನು ಕಿರುಚಿಕೊಂಡು ಪೊರಕೆಯಿಂದ ಅಷ್ಟನ್ನೂ ಮೋರಿಗೆ ತಳ್ಳಿ ನೀರು ಹೊಯ್ದುಬಿಟ್ಟೆ. ಚೌಕಟ್ಟನ್ನು ಉಜ್ಜಿ ತೊಳೆದೆ. ಕಿಟಕಿಗೆ ದಾರ ಕಟ್ಟಿ ಎಂಬ ನಿಮ್ಮ ಪತ್ರ ಹದಿಮೂರಕ್ಕೆ ಬಂತು.

ಮಾರನೆಯ ದಿನ ಕಣ್ಣು ಬಿಟ್ಟವಳೇ, "ಒಡೀತಾ?" ಎಂದು ಕೇಳಿದಳು. ಇಷ್ಟು ಕಾದಿದ್ದಾಳೆ, ಜ್ವರ ಬೇರೆ, ಒಡೆಯಿತು ಎಂದುಬಿಟ್ಟೆ. ಅವಳ ಮುಖ ಅರಳಿತು. ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಮೀಸೆ, ಸೊಂಟ, ತಾಮ್ರದ ರೆಕ್ಕೆ, ಎಲ್ಲ ಬಂದವು. ನಿಮಗೂ ಅದನ್ನೇ ಬರೆದೆ. ಯಾಕೆಂದರೆ ಅಷ್ಟು ಹೊತ್ತಿಗೆ ನನಗೇ ಅದು ಕಂಡ ಹಾಗೆ ಆಗಿತ್ತು.

ಜ್ವರ ಬಿಟ್ಟು ಎದ್ದವಳು ಮೊದಲು ಹೋದದ್ದು ಆ ಕಿಟಕಿಗೆ. ಖಾಲಿ ಗೂಡು ಎಲ್ಲಿ ಎಂದಳು. "ನೀನು ಮಲ್ಗಿದ್ದಾಗ ಮಳೆ ಬಂತು ಕಣೆ, ಕರಗಿ ಹೋಗಿರ್ಬೇಕು" ಎಂದೆ.

"ಮಳೆ ನೀವು ನೋಡಿದ್ರಾ?"

"ಹೂಂ."

"ಸರಿ."

ಅಷ್ಟೇ. ನೋಟ್‌ಬುಕ್ ಮುಚ್ಚಿ ಕಪಾಟಿನ ಮೇಲೆ ಇಟ್ಟಳು. ಮೂರು ದಿನದ ಮೇಲೆ, ಅವಳು ಸ್ನಾನಕ್ಕೆ ಹೋದಾಗ, ತೆಗೆದು ನೋಡಿದೆ. ಜ್ವರದ ಮೂರೂ ದಿನ ಹವೆಯ ಸಾಲನ್ನು ಅಪ್ಪನ ಕೈಯಲ್ಲಿ ಬರೆಸಿದ್ದಾಳೆ, ಅಕ್ಕ. "ಬಿಸಿಲು. ಮೋಡವಿಲ್ಲ." "ಬಿಸಿಲು. ಮೋಡವಿಲ್ಲ." "ಬಿಸಿಲು." ಪಕ್ಕದಲ್ಲಿ ಇವರ ಹೆಬ್ಬೆರಳಿನ ಎಣ್ಣೆಯ ಗುರುತು.

ಅಂದಿನಿಂದ ಅವಳು ಬರೆದಿಲ್ಲ. ಹಿತ್ತಲಿಗೆ ಹೋಗುವುದಿಲ್ಲ. ಪ್ರಾರ್ಥನೆಗೆ ಕರೆದರೆ ಬಂದು ಕೂರುತ್ತಾಳೆ, ಕಣ್ಣು ಮುಚ್ಚಿಕೊಂಡು. ನನ್ನ ಜೊತೆ ಜಗಳ ಆಡುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ. ಬಾಡಿಗೆಗೆ ಬಂದವರ ಹಾಗೆ.

ನಡೆದದ್ದು ಏನೆಂದು ಇವರಿಗೆ ಗೊತ್ತಿಲ್ಲ. "ನೋಡಿ ನೋಡಿ ಸಾಕಾಗಿರ್ಬೇಕು. ಜೂನಿಗೆ ಸ್ಕೂಲಿಗೆ ಹಾಕ್ಬಿಡೋಣ, ಅಲ್ಲಿ ಎಲ್ಲಾನೂ ಅವ್ರೇ ನೋಡಿ ಬೋರ್ಡ್ ಮೇಲೆ ಬರ್ದಿರ್ತಾರೆ" ಎನ್ನುತ್ತಾರೆ. ತಮಾಷೆಗೆ ಹೇಳಿದರೋ ನಿಜಕ್ಕೋ ತಿಳಿಯಲಿಲ್ಲ.

ನಿಮ್ಮಲ್ಲಿ ಎರಡು ಬೇಡಿಕೆ. ಮೊದಲನೆಯದು ಬರೆಯಲು ನಾಚಿಕೆ. ಈ ಗೂಡು ಮಳೆಯಿಲ್ಲದೆಯೂ ತಾನಾಗಿ ಪುಡಿಯಾಗಿ ಉದುರುತ್ತದೆ ಎಂದು ಒಂದು ಸಾಲು ಬರೆಯುತ್ತೀರಾ? ನಿಮ್ಮ ಮಾತನ್ನು ಅವಳು ನಂಬುತ್ತಾಳೆ.

ಎರಡನೆಯದು ಅವಳದು. ನಿನ್ನೆ ಮಧ್ಯಾಹ್ನ ಒಂದು ಹಳೆಯ ನೋಟ್‌ಬುಕ್ ತಂದು ನನ್ನ ಮುಂದೆ ಬಿಚ್ಚಿಟ್ಟಳು. ಅವಳ ಅಮ್ಮ ಹೊಲಿದು ಕೊಟ್ಟ ಮೊದಲನೆಯ ಪುಸ್ತಕ. ಅದರಲ್ಲಿ ಅಮ್ಮ ಹೋದ ದಿನದ ಪುಟ. ದಪ್ಪ ದಪ್ಪ ಅಕ್ಷರ, ಅವಳಿಗೆ ಆಗ ಏಳು. "ಮೋಡ. ಇವತ್ತು ಆಸ್ಪತ್ರೆಯಲ್ಲಿ ಅಮ್ಮ ನಿದ್ದೆಯಲ್ಲೇ ದೇವರ ಹತ್ತಿರ ಹೋದಳು. ಮುಖ ನಗುತ್ತಿತ್ತು. ದೊಡ್ಡಮ್ಮ ಪಕ್ಕದಲ್ಲೇ ಇದ್ದು ನೋಡಿದಳು." ಅದರ ಮೇಲೆ ಬೆರಳಿಟ್ಟು ಕೇಳಿದಳು:

"ಇದನ್ನ ದೊಡ್ಡಮ್ಮ ನಿಜ್ವಾಗ್ಲೂ ನೋಡಿದ್ರಾ? ಬರ್ದು ಕೇಳಿ."

"ನೋಡದೆ ಹೇಳ್ತಾರಾ, ಪುಟ್ಟಿ?"

"ನೀವು ಹೇಳಿದ್ರಲ್ಲ."

ಅಕ್ಕ, ನನಗೆ ಏನು ಬೈಯಬೇಕೋ ಬೈಯಿರಿ. ಆದರೆ ಈ ಒಂದಕ್ಕೆ ತಕ್ಷಣ ಉತ್ತರ ಬರೆಯಿರಿ. ನೀವು ಹೌದು ಎಂದರೆ ಅವಳು ಮತ್ತೆ ಬರೆಯುತ್ತಾಳೆ ಎಂದು ನನಗೆ ಗೊತ್ತು. ನನ್ನ ಮಾತು ಹೋದರೆ ಹೋಗಲಿ, ಅವಳ ಕೈಯಲ್ಲಿ ಒಂದು ಪುಟವಾದರೂ ನಿಜವಾಗಿ ಉಳಿಯಲಿ.

ತಂಗಿ


ಮಾರ್ಚ್ 12

ಅಕ್ಕ,

ನಿಮ್ಮಿಂದ ಪತ್ರವಿಲ್ಲ. ಅಂಚೆಯವನು ಬರುವ ಹೊತ್ತಿಗೆ ಅವಳು ಬಾಗಿಲ ಹತ್ತಿರ ನಿಂತಿರುತ್ತಾಳೆ, ನನ್ನನ್ನು ಕಂಡರೆ ಚಪ್ಪಲಿ ಸರಿ ಮಾಡುವವಳ ಹಾಗೆ ಬಗ್ಗುತ್ತಾಳೆ. ಅವನು ಮೊನ್ನೆ, "ಏನವ್ವಾ, ದಿನಾ ನಿಂತಿರ್ತೀಯಲ್ಲ, ನನ್ನ ಕೆಲಸಕ್ಕೆ ಕಣ್ಣು ಹಾಕಿದೀಯಾ?" ಎಂದು ತಮಾಷೆ ಮಾಡಿದ. ಮೊದಲಾಗಿದ್ದರೆ ಒಂದಕ್ಕೆ ಎರಡು ಹೇಳಿ ಕಳಿಸುತ್ತಿದ್ದಳು.

ನಿಮಗೆ ನನ್ನ ಮೇಲೆ ಕೋಪ ಬಂದಿದೆ. ಬರಬೇಕಾದ್ದೇ. ಸುಳ್ಳಿಗೆ ನಿಮ್ಮನ್ನೂ ಪಾಲಿಗೆ ಕರೆದೆನಲ್ಲ, ಅದು ಅತಿಯಾಯಿತು. ಗೂಡಿನ ವಿಷಯ ಬಿಟ್ಟುಬಿಡಿ. ನನಗೆ ಒಂದಕ್ಷರ ಬರೆಯಬೇಡಿ. ಒಂದು ಕಾರ್ಡಿನ ಮೇಲೆ ಅವಳ ಹೆಸರಿಗೆ "ಹೌದು" ಎಂದಷ್ಟೇ ಬರೆದು ಹಾಕಿ.

ಇವರು ನಿನ್ನೆ ಶಾಲೆಯಿಂದ ಅರ್ಜಿ ತಂದಿದ್ದಾರೆ. ತಮಾಷೆಯಲ್ಲ. ಅವಳ ಮುಂದೆ ಇಟ್ಟರು. ಬೇಡ ಅನ್ನಬಹುದೆಂದು ಕಾದೆ. ಒಂದು ಸಲ ಓದಿ, "ಹೂಂ, ಹೋಗ್ತೀನಿ" ಎಂದಳು. ಇವರಿಗೂ ಅದು ಹಿಡಿಸಲಿಲ್ಲ. ಸ್ಕ್ರೂಡ್ರೈವರ್ ಹಿಡಿದುಕೊಂಡು ಅವಳನ್ನೇ ನೋಡುತ್ತ ನಿಂತಿದ್ದರು. ಹಾಗೆ ಒಪ್ಪಿಕೊಳ್ಳುವ ಹುಡುಗಿಯಲ್ಲ ಅವಳು.

ತಂಗಿ


ಮಾರ್ಚ್ 17

ತಂಗಿ,

ನಿನ್ನ ಮೇಲೆ ಕೋಪವಿಲ್ಲ. ಹತ್ತು ದಿನದಿಂದ ಕಾರ್ಡು ನನ್ನ ಮೇಜಿನ ಮೇಲಿದೆ, ವಿಳಾಸ ಬರೆದು ಇಟ್ಟಿದ್ದೇನೆ. ಆ ಒಂದು ಪದ ಬರೆಯಲು ಆಗಲಿಲ್ಲ. ಬೀಜದ ಪೊಟ್ಟಣದ ಮೇಲೆ ದಿನಕ್ಕೆ ನಾನೂರು ಸಲ ಹೆಸರು ಬರೆಯುವ ಕೈ ಇದು.

ನಾನು ನೋಡಲಿಲ್ಲ.

ಅಂದು ನಾನು ಮಂಚದ ಪಕ್ಕದಲ್ಲಿ ಇರಲಿಲ್ಲ. ಮೂರು ದಿನ ಕೂತಿದ್ದೆ. ನಾಲ್ಕನೆಯ ದಿನ ಮಧ್ಯಾಹ್ನ, ಫ್ಲಾಸ್ಕಿಗೆ ಬಿಸಿನೀರು ತರುತ್ತೇನೆ ಎಂದು ಹೊರಗೆ ಬಂದೆ. ಮಗುವಿನ ಅಮ್ಮ ಬಹಳ ಒದ್ದಾಡುತ್ತಿದ್ದಳು. ನೀರು ಒಂದು ನೆಪ. ನನಗೆ ಆ ಶಬ್ದ ಕೇಳಲು ಆಗುತ್ತಿರಲಿಲ್ಲ. ಹೊರಗೆ ವರಾಂಡದ ಬೆಂಚಿನ ಮೇಲೆ ಕೂತೆ. ಒಂದು ನಿಮಿಷ ಎಂದುಕೊಂಡೆ. ನಿದ್ದೆ ಬಂತು. ನರ್ಸ್ ಭುಜ ಅಲುಗಿಸಿದಾಗ ಎರಡೂವರೆ. ಒಳಗೆ ಹೋದೆ, ಮುಖದ ಮೇಲೆ ಬಿಳಿ ಬಟ್ಟೆ ಎಳೆದಿದ್ದರು. ಒಬ್ಬರು ಬಟ್ಟೆ ಸರಿಸಲೇ ಎಂದು ಕೇಳಿದರು. ಬೇಡ ಎಂದೆ.

ಮನೆಗೆ ಬಂದರೆ ಮಗು ಮೆಟ್ಟಿಲ ಮೇಲೆ ಕೂತಿತ್ತು, ತೊಡೆಯ ಮೇಲೆ ಆ ನೋಟ್‌ಬುಕ್. "ಹೇಗಿದ್ಲು ಅಮ್ಮ? ಹೇಳಿ, ಬರೀಬೇಕು" ಎಂದಿತು. ಏಳು ವರ್ಷದ ಮಗುವಿಗೆ ಏನು ಹೇಳಲಿ? ನಗುತ್ತಿದ್ದಳು ಎಂದೆ. ಪಕ್ಕದಲ್ಲೇ ಇದ್ದೆ ಎಂದೆ. ನಾನು ಹೇಳಿದ್ದನ್ನು ನಿಧಾನವಾಗಿ, ನಾಲಿಗೆ ಕಚ್ಚಿಕೊಂಡು ಬರೆಯಿತು. ಆ ಪುಸ್ತಕದಲ್ಲಿ ಮೊದಲನೆಯ ಸುಳ್ಳು ನಿನ್ನದಲ್ಲ.

ನಿಯಮ ಅವಳ ಅಮ್ಮನದು. ಆದರೆ ಅದನ್ನು ಕಲ್ಲಿನಷ್ಟು ಗಟ್ಟಿ ಮಾಡಿದವಳು ನಾನು. ಅವಳು "ಮರದಲ್ಲಿ ಹತ್ತು ಹಕ್ಕಿ" ಎಂದು ಬರೆದರೆ, ಎಣಿಸಿದೆಯಾ ಎಂದು ಕೇಳುತ್ತಿದ್ದೆ. ಎಣಿಸಿರದಿದ್ದರೆ ಅಳಿಸುತ್ತಿದ್ದೆ. ಎರಡು ವರ್ಷ ಹಾಗೆ ಮಾಡಿದೆ. ಕಳೆದ ವರ್ಷದ ಕೊನೆಯಲ್ಲಿ ಅವಳು ಒಂದು ದಿನ, "ದೊಡ್ಡಮ್ಮ, ಅಮ್ಮ ನಕ್ಕಾಗ ಹಲ್ಲು ಕಾಣ್ತಿತ್ತಾ?" ಎಂದು ಕೇಳಿದಳು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಎದ್ದು ಹೋದೆ. ಆಮೇಲೆ ಪ್ರತಿ ವಾರ ಒಂದು ಪ್ರಶ್ನೆ. ಕಿಟಕಿ ಯಾವ ಕಡೆ ಇತ್ತು, ಕೈ ಎಲ್ಲಿತ್ತು. ಅಷ್ಟರಲ್ಲಿ ನಿನ್ನ ಮದುವೆ ಬಂತು. ನಾನು ಹೊರಟದ್ದು ನಿನಗೆ ಜಾಗ ಬಿಟ್ಟುಕೊಡಲಿಕ್ಕೆ ಎಂದು ಎಲ್ಲರೂ ಹೊಗಳಿದರು. ನಾನು ಅವಳಿಂದ ಓಡಿ ಬಂದೆ. ಫೋನು ಬೇಡ ಎಂದದ್ದೂ ಅದಕ್ಕೇ. ಅವಳ ಧ್ವನಿ ಕೇಳಿದರೆ ಮತ್ತೊಂದು ಸುಳ್ಳು ಹೇಳುತ್ತಿದ್ದೆ.

ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ. ಅಂದಿನಿಂದ ನಾನು ಪ್ರಾರ್ಥನೆಯಲ್ಲಿ ತುಟಿ ಮಾತ್ರ ಆಡಿಸುತ್ತೇನೆ. ಮಗುವಿಗೆ ಪ್ರಾರ್ಥನೆ ಕಲಿಸುತ್ತಾ ಎರಡು ವರ್ಷ ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ.

ಈ ಪತ್ರವನ್ನು ಅವಳಿಗೆ ಓದಿ ಹೇಳು, ಇಲ್ಲವೇ ಒಲೆಗೆ ಹಾಕಿ ನಿನ್ನ ಕೈಯಾರೆ ಒಂದು ಕಾರ್ಡು ಬರೆದುಕೊಡು. ನನ್ನ ಪತ್ರಗಳ ಅಕ್ಷರ ನೋಡಿ ಹಾಗೆಯೇ ಬರೆಯಬಲ್ಲೆ. ನನಗೆ ಧೈರ್ಯವಿಲ್ಲ, ನೀನೇ ನಿರ್ಧಾರ ಮಾಡು.

ಅಕ್ಕ


ಮಾರ್ಚ್ 22

ಪ್ರೀತಿಯ ಅಕ್ಕ,

ಪತ್ರ ನಿನ್ನೆ ಬೆಳಿಗ್ಗೆ ಬಂತು. ಓದಿ ಹೇಳಲಿಲ್ಲ, ಒಲೆಗೂ ಹಾಕಲಿಲ್ಲ. ನಿಮ್ಮ ಅಕ್ಷರ ಅನುಕರಿಸಲು ನನಗೆ ಬರುತ್ತದೆ, ಬರೆದರೆ ಅವಳು ನಂಬಬಹುದು. ಅದಕ್ಕೇ ಪೆನ್ನು ಮುಟ್ಟಲಿಲ್ಲ.

ಮೊದಲು ನನ್ನದನ್ನು ಮುಗಿಸಬೇಕಿತ್ತು. ಕಪಾಟಿನ ಮೇಲಿಂದ ಅವಳ ನೋಟ್‌ಬುಕ್ ತೆಗೆದು, ಹಿಂಬಾಗಿಲ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕೂತೆ.

"ನಾನು ಮಳೆ ನೋಡ್ಲಿಲ್ಲ" ಎಂದೆ.

"ಗೊತ್ತು."

"ಹುಳಾನೂ ನೋಡ್ಲಿಲ್ಲ."

ಇದು ಅವಳಿಗೆ ಗೊತ್ತಿರಲಿಲ್ಲ, ಅಕ್ಕ. ಮಳೆ ಮಾತ್ರ ಸುಳ್ಳು, ಖಾಲಿ ಗೂಡನ್ನು ನಾನು ಒಡೆದು ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದಳು. ಹುಳ ಎಲ್ಲೋ ಹಾರಾಡುತ್ತಿದೆ ಎಂದೇ ನಂಬಿದ್ದಳು. ಅವಳ ಮುಖ ನೋಡಿದಾಗ ಇಲ್ಲಿಗೇ ನಿಲ್ಲಿಸಿಬಿಡೋಣ ಅನ್ನಿಸಿತು. ನಿಲ್ಲಿಸಲಿಲ್ಲ. ಭುಜ ಕೊಟ್ಟು ತಳ್ಳಿದ್ದು, ಏಳು ಹಸಿರು ಹುಳು, ಮರಿ, ಪೊರಕೆ, ಮೋರಿ, ಕಂಡದ್ದಷ್ಟನ್ನೂ ಹೇಳಿದೆ. ಏನನ್ನೂ ಚಂದ ಮಾಡಲಿಲ್ಲ. ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ.

"ಮರಿ ಅಲ್ಲಾಡ್ತಿತ್ತಾ?" ಎಂದಳು.

"ಹೂಂ. ಒಂದು ಸಲ."

"ತಲೆ ಕಡೆಯಾ, ಬಾಲದ ಕಡೆಯಾ?"

"ತಲೆ ಯಾವ್ದು ಅಂತ ನಂಗೆ ಗೊತ್ತಾಗ್ಲಿಲ್ಲ."

ಎದ್ದು ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಪೆನ್ಸಿಲ್ ತೆಗೆದುಕೊಂಡು ಬಂದಳು. ತಾಮ್ರದ ರೆಕ್ಕೆಯ ಆ ಪುಟವನ್ನು ಹರಿಯಲಿಲ್ಲ, ಗೀಟೂ ಎಳೆಯಲಿಲ್ಲ. ಅದರ ಕೆಳಗೆ "ಇದನ್ನು ಯಾರೂ ಕಂಡಿಲ್ಲ" ಎಂದು ಬರೆದಳು. ಆಮೇಲೆ ಹೊಸ ಪುಟ ತೆಗೆದು ನನ್ನ ಕಡೆ ತಳ್ಳಿ, "ನಿಮ್ಮ ಕೈಲೇ ಬರೀರಿ" ಎಂದಳು. ಬರೆದೆ. ಒಂದೊಂದು ಸಾಲನ್ನೂ ಓದಿದಳು. ಕೊನೆಗೆ ದೇವರಿಗೆ ಪ್ರಶ್ನೆ ಬರೆಯುವ ಸಾಲು ಬಂತು. ಅವಳೂ ಬರೆಯಲಿಲ್ಲ, ನನ್ನನ್ನೂ ಬರೆಯಲು ಬಿಡಲಿಲ್ಲ. ಆ ಸಾಲು ಖಾಲಿ ಇದೆ. ಎಲ್ಲ ಸರಿಹೋಯಿತು ಎಂದು ನಾನು ಬರೆಯಬೇಕೆಂದು ನಿಮಗೆ ಆಸೆ ಇರುತ್ತದೆ, ನನಗೂ ಇದೆ. ಆದರೆ ನಾನು ಕಂಡದ್ದು ಇಷ್ಟೇ.

ಆಮೇಲೆ ನಿಮ್ಮ ಉತ್ತರ ಬಂದಿದೆ ಎಂದು ಹೇಳಿದೆ.

"ಹೌದಾ, ಅಲ್ವಾ, ಅಷ್ಟು ಹೇಳಿ."

"ನಾನು ಹೇಳಲ್ಲ. ದೊಡ್ಡಮ್ಮನ ಬಾಯಿಂದಾನೇ ಕೇಳ್ಬೇಕು. ಹೋಗೋಣ."

ಪೆನ್ಸಿಲಿನ ತುದಿಯನ್ನು ಹಲ್ಲಿನಿಂದ ಕಚ್ಚುತ್ತ ಹಿತ್ತಲಿನ ಗೋಡೆಯನ್ನು ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ, "ಹೌದು ಅಂತಿದ್ರೆ ಕಾರ್ಡಲ್ಲೇ ಬರೀತಿದ್ರು" ಎಂದಳು.

ಆದ್ದರಿಂದ ಅಕ್ಕ, ಮುಖ್ಯವಾದದ್ದು ಅವಳಿಗೆ ಗೊತ್ತಾಗಿದೆ. ನಾನು ಹೇಳಿ ಅಲ್ಲ, ನೀವು ಹೇಳದೆ ಇದ್ದುದರಿಂದ. ನೀವು ಹೆದರುತ್ತಿದ್ದದ್ದು ಆಗಿಹೋಗಿದೆ. ಅವಳು ಅಳಲಿಲ್ಲ. ಮಧ್ಯಾಹ್ನ ಊಟ ಮಾಡಿದಳು, ಅರ್ಧ. ಸಂಜೆ ಅಪ್ಪನ ಅಂಗಡಿಗೆ ಇಳಿದು, ಅವರ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಳು. ಅಲ್ಲಿ ಏನು ಮಾತಾಯಿತೋ ತಿಳಿಯದು. ಮೇಲೆ ಬಂದು ಇವರು, "ಅರ್ಜಿ ಎಲ್ಲಿಟ್ಟಿದೀಯ? ಅಲ್ಲೇ ಇರ್ಲಿ. ಹೋಗ್ಬನ್ನಿ ಮೊದ್ಲು, ಆಮೇಲೆ ನೋಡೋಣ" ಎಂದರು. ಅವರ ಕಣ್ಣು ಕೆಂಪಗಿತ್ತು. ಇಷ್ಟು ದಿನ ಅವರ ಜೊತೆ ನಗುವುದಕ್ಕೆ ಮಾತ್ರ ಕಲಿತಿದ್ದೆ. ನಿನ್ನೆ ಮೊದಲ ಸಲ, ಅವರ ಮೊದಲ ಹೆಂಡತಿ ಹೇಗಿದ್ದಳು ಎಂದು ಕೇಳಿದೆ. ತುಂಬ ಹೊತ್ತು ಹೇಳಿದರು.

ಈಗ ನಿಮಗೆ. ಬರುತ್ತೇವೆಂದು ಮನೆ ಗುಡಿಸಬೇಡಿ, ಮಾತು ಜೋಡಿಸಿಡಬೇಡಿ. ಅವಳು ಕೇಳುತ್ತಾಳೆ. ಬೆಂಚು ಎಷ್ಟು ಉದ್ದ, ಫ್ಲಾಸ್ಕಿನ ಬಣ್ಣ ಯಾವುದು, ನೀವು ಕೇಳಲಾರದೆ ಎದ್ದು ಬಂದ ಆ ಶಬ್ದ ಹೇಗಿತ್ತು, ಎಲ್ಲ ಕೇಳುತ್ತಾಳೆ. ಬಟ್ಟೆ ಯಾಕೆ ಸರಿಸಲಿಲ್ಲ ಎಂದೂ ಕೇಳಬಹುದು. ಕಂಡಷ್ಟನ್ನು ಹೇಳಿ. ಕಾಣದ್ದಕ್ಕೆ ಕಾಣಲಿಲ್ಲ ಎನ್ನಿ. ನೀವು ಹೇಳುವಾಗ ನಾನು ಹೊರಗೆ ಹೋಗಲೇ, ಒಳಗೆ ಇರಲೇ ಎಂದು ಅವಳನ್ನೇ ಕೇಳಿದೆ. "ನೀವೂ ಇರಿ, ಆದ್ರೆ ನಡುವೆ ಬಾಯಿ ಹಾಕ್ಬೇಡಿ" ಎಂದಳು. ನನಗೆ ಅದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತು! ಆದರೂ ಸುಮ್ಮನೆ ಇರುತ್ತೇನೆ.

ಅವಳು ನಿಮ್ಮನ್ನು ಕ್ಷಮಿಸುತ್ತಾಳೋ ಇಲ್ಲವೋ ನನಗೆ ತಿಳಿಯದು. ನನ್ನನ್ನು ಕ್ಷಮಿಸಿದ್ದಾಳೋ ಅದೂ ತಿಳಿಯದು. ಚೀಲದಲ್ಲಿ ಎರಡು ಜೊತೆ ಬಟ್ಟೆ ಇಟ್ಟುಕೊಂಡಿದ್ದಾಳೆ, ಅಮ್ಮ ಹೊಲಿದ ಆ ಹಳೆಯ ನೋಟ್‌ಬುಕ್ಕನ್ನೂ. ಚೀಲ ತಾನೇ ಹೊರುತ್ತಾಳಂತೆ. ಸ್ಟೇಷನ್ನಿಗೆ ಬನ್ನಿ, ಅಕ್ಕ, ಈ ಸಲ ಎಲ್ಲಿಗೂ ಹೋಗಬೇಡಿ. ಬರುವ ಶುಕ್ರವಾರ, ಇಪ್ಪತ್ತೊಂಬತ್ತನೆಯ ತಾರೀಕು, ಬೆಳಿಗ್ಗೆ ಆರೂ ನಲವತ್ತರ ಪ್ಯಾಸೆಂಜರಿಗೆ ಹತ್ತುತ್ತೇವೆ. ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ನಿಮ್ಮಲ್ಲಿ ಇಳಿಯುತ್ತೇವೆ, ಎಂಜಿನ್ನಿನಿಂದ ನಾಲ್ಕನೆಯ ಬೋಗಿ.

ನಿಮ್ಮ ತಂಗಿ